ಮಾಲೂರಿಗೆ ಎಂಥ ಹುಲ್ಲು?

ಬೆಂಗಳೂರಿನಿಂದ ಮಾಲೂರಿಗೆ ಹೋಗುವ ಹಾದಿಯಲ್ಲಿ ಹೆಂಚು, ಇಟ್ಟಿಗೆಯ ಗೂಡುಗಳ ನಡುವೆ ಈಗ ಬಡಾವಣೆಗಳು ತಲೆಯೆತ್ತಿವೆ. ಹೆಬ್ಬಾಗಿಲಿನಲ್ಲೇ ಹುಲ್ಲುಹಾಸು, ಅದರ ಮೇಲೆ ತಿರುಗುವ ತುಂತುರು ಕೊಳವೆ. ಹಸಿರು ಸಾಲದೆಂದು ನೀಲಿ ಛಾಯೆಯ ಅಲಂಕಾರಿಕ ಹುಲ್ಲನ್ನು ಅರಸುವವರೂ ಉಂಟು. 'ಬರ ತಡೆಯುವ ಹುಲ್ಲು' ಎಂಬ ಮಾತು ಈ ಜಿಲ್ಲೆಯಲ್ಲಿ ಕಿವಿಗೆ ಹಿತವೇ.

ಮೊದಲು ಲೆಕ್ಕ ನೋಡೋಣ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿ.ಮೀ. ನೀರು ಬೇಕೆಂದು ಹಿಡಿದರೆ, ಸಾವಿರ ಚದರಡಿಗೆ ಸುಮಾರು 465 ಲೀಟರು. ಜಲಜೀವನ ಮಿಷನ್ ಗ್ರಾಮೀಣರಿಗೆ ನಿಗದಿಪಡಿಸಿರುವುದು ತಲೆಗೆ 55 ಲೀಟರು. ಅಂದರೆ ಎಂಟು ಮಂದಿಯ ನೀರು. ಅಂತರ್ಜಲದ ಅತಿಬಳಕೆಗೆ ಹೆಸರಾದ, ಬತ್ತದ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದು ಈ ಅಂತರ್ಜಲ ಚೇತರಿಸಿಕೊಳ್ಳಲೆಂದೇ ಹೊರತು ಹುಲ್ಲುಹಾಸಿಗಲ್ಲ.

ಹುಲ್ಲಿನ ನೀಲಿ ವಾಸ್ತವವಾಗಿ ಬಣ್ಣವಲ್ಲ, ಮೇಣ. ಜೋಳದ ದಂಟಿನ ಮೇಲೆ ಬಿಳಿ ಪುಡಿಯಂತೆ ಕಾಣುವುದೂ ಅದೇ; ಬೆರಳಿನಿಂದ ಉಜ್ಜಿದರೆ ಹೋಗುತ್ತದೆ, ಕೆಳಗೆ ಹಸಿರು ಕಾಣುತ್ತದೆ. ಬಿಸಿಲನ್ನು ಚದುರಿಸಿ ಎಲೆಯ ತೇವವನ್ನು ಉಳಿಸುವುದು ಅದರ ಕೆಲಸ. ಆದರೆ ನೀಲಿಯಿದ್ದ ಮಾತ್ರಕ್ಕೆ ಎಲ್ಲ ಹುಲ್ಲೂ ಎಲ್ಲೆಡೆ ಬಾಳದು. ಚಿತ್ರಗಳಲ್ಲಿ ಮೋಹಗೊಳಿಸುವ 'ಬ್ಲೂ ಫೆಸ್ಕ್ಯೂ' ದಕ್ಷಿಣ ಫ್ರಾನ್ಸಿನ ಕಡೆಯದು, ತಂಪಿನಲ್ಲಿ ಬೆಳೆಯುವಂಥದು. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಸೊರಗುತ್ತದೆ, ನೀರು ನಿಂತರೆ ಬುಡ ಕೊಳೆಯುತ್ತದೆ. ಕೊಂಡವರು ಕುಂಡ ಬದಲಿಸುತ್ತಲೇ ಇರಬೇಕು.

ಅದೇ ನೀಲಿ ಛಾಯೆ ಹಿತ್ತಿಲ ಮಜ್ಜಿಗೆ ಹುಲ್ಲಿನಲ್ಲಿಯೂ ಇದೆ. ಅಲಂಕಾರವೆಂದು ಯಾರೂ ನೋಡಿಲ್ಲ, ಅಷ್ಟೆ. ಇಳಿಜಾರಿಗೆ, ಇಟ್ಟಿಗೆ ಮಣ್ಣು ತೆಗೆದ ಗುಂಡಿಗಳ ಅಂಚಿಗೆ ಆಳವಾಗಿ ಬೇರಿಳಿಸುವ ಲಾವಂಚವಿದೆ. ಜೂನ್-ಜುಲೈ ಮಳೆಯಲ್ಲಿ ಬುಡ ಸೀಳಿ, ಒಂದೂವರೆ ಅಡಿ ಅಂತರದಲ್ಲಿ, ನೀರು ನಿಲ್ಲದ ಕಡೆ ನೆಡಬೇಕು. ಮಜ್ಜಿಗೆ ಹುಲ್ಲಿಗೆ ತುಂಬು ಬಿಸಿಲು ಬೇಕು, ನೆರಳಿನಲ್ಲಿ ನೀಲಿ ಮಾಸುತ್ತದೆ. ಗೊಬ್ಬರದ ಉದಾರತೆ ಬೇಡ: ಸಾರಜನಕ ಹೆಚ್ಚಾದರೆ ಎಲೆ ಮೆತ್ತಗಾಗಿ ಬಾಗುತ್ತದೆ. ಮೊದಲ ಬೇಸಿಗೆ ವಾರಕ್ಕೊಮ್ಮೆ ನೀರು. ಬೇರೂರಿದ ಮೇಲೆ ತೀರಾ ಬಾಡಿದಾಗ ಮಾತ್ರ. ಮುಂಗಾರಿಗೆ ಮುನ್ನ ಗೇಣುದ್ದ ಬಿಟ್ಟು ಕತ್ತರಿಸಿ, ಒಣಗರಿಯನ್ನು ಬುಡಕ್ಕೇ ಹೊದಿಸಬಹುದು. ಆದರೆ ಬೆಂಕಿಯ ಭಯವಿರುವ ಕಡೆ ತೆಗೆದುಬಿಡುವುದು ಕ್ಷೇಮ. ಪೊದೆಯಲ್ಲಿ ಹಾವು ಸೇರುತ್ತದೆಂಬ ಆತಂಕವನ್ನೂ ತಳ್ಳಿಹಾಕಲಾರೆ. ಮನೆ ಬಾಗಿಲಿಗೆ ಹತ್ತಿರ ನೆಡದಿರುವುದೇ ಪರಿಹಾರ.

ಹೆಸರಿನಲ್ಲೇ ನೀಲಿಯಿರುವ ಇನ್ನೊಂದು ಗಿಡವನ್ನು ಈ ಸೀಮೆ ಬಲ್ಲದು. ನೀಲಗಿರಿಯೂ ಬರ ತಡೆಯುತ್ತದೆ ಎಂದೇ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಹೊಲಗಳಿಗೆ ಬಂತು. 2017ರಲ್ಲಿ ಸರ್ಕಾರವೇ ಹೊಸ ನೆಡುತೋಪುಗಳನ್ನು ನಿಷೇಧಿಸಬೇಕಾಯಿತು. ಬರವನ್ನು ತಡೆಯುವುದು ಬೇರೆ, ಕಡಿಮೆ ನೀರು ಕುಡಿಯುವುದು ಬೇರೆ.

ಬಡಾವಣೆಯ ನಕ್ಷೆಯಲ್ಲಿ ಉದ್ಯಾನದ ಜಾಗಕ್ಕೆ ಅಳತೆಯಿದೆ. ಅದಕ್ಕೆ ಬೇಸಿಗೆಯಲ್ಲಿ ಎಷ್ಟು ನೀರು, ಯಾವ ಮೂಲದಿಂದ ಎಂಬ ಇನ್ನೊಂದು ಕಲಮನ್ನು ಸೇರಿಸಲು ಹೊಸ ಕಾಯಿದೆ ಬೇಕಾಗಲಾರದು.