ದಕ್ಕೆ ಹಾಗೂ ಬ್ರೇಕ್‌ವಾಟರ್‌ಗಳಲ್ಲಿ ಗಾಳದ ಮೀನುಗಾರಿಕೆ: ಉಬ್ಬರವಿಳಿತ, ತಿಥಿ ಮತ್ತು ಹವಾಮಾನವನ್ನು ತಿಳಿದು ಹೊರಡುವ ಕ್ರಮ

ಪೀಠಿಕೆ

ರಾಜ್ಯದ ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ದಕ್ಕೆಗಳು, ಜೆಟ್ಟಿಗಳು ಹಾಗೂ ಅಳಿವೆ ಬಾಗಿಲಿನ ಬ್ರೇಕ್‌ವಾಟರ್‌ಗಳ ಮೇಲೆ ನಿಂತು ಗಾಳ ಹಾಕಿ ಮೀನು ಹಿಡಿಯುವುದು ಬಹುಕಾಲದಿಂದ ರೂಢಿಯಲ್ಲಿದೆ. ಸ್ಥಳೀಯರಲ್ಲದೆ ರಜಾದಿನಗಳಲ್ಲಿ ಒಳನಾಡಿನ ಜಿಲ್ಲೆಗಳಿಂದ ಬರುವ ನಾಗರಿಕರೂ ಈ ಹವ್ಯಾಸದಲ್ಲಿ ತೊಡಗುತ್ತಾರೆ. ಸ್ಥಳೀಯರಿಗೆ ಸಮುದ್ರದ ಹೊತ್ತುಗಳು ಅನುಭವದಿಂದ ತಿಳಿದಿರುತ್ತವೆ. ಹೊರಗಿನಿಂದ ಬರುವವರು ಸಾಮಾನ್ಯವಾಗಿ ತಮ್ಮ ರಜೆಯ ದಿನವನ್ನು ನೋಡಿ ಹೊರಡುತ್ತಾರೆಯೇ ಹೊರತು ಸಮುದ್ರದ ಸ್ಥಿತಿಯನ್ನು ನೋಡಿ ಹೊರಡುವುದಿಲ್ಲ. ಇದರಿಂದ ಮೀನು ದೊರೆಯದೆ ಹಿಂತಿರುಗುವುದು ಒಂದು ನಷ್ಟವಾದರೆ, ಅಲೆಗೆ ಸಿಲುಕಿ ಪ್ರಾಣಾಪಾಯಕ್ಕೆ ಒಳಗಾಗುವುದು ಅದಕ್ಕಿಂತ ದೊಡ್ಡ ನಷ್ಟ.

ಯೋಜನೆಯ ಮೂಲ ತತ್ತ್ವವನ್ನು ಒಂದು ವಾಕ್ಯದಲ್ಲಿ ಹೀಗೆ ಹೇಳಬಹುದು: ಚಂದ್ರನ ತಿಥಿಯು ಸೂಕ್ತವಾದ ದಿನವನ್ನೂ, ಉಬ್ಬರವಿಳಿತದ ವೇಳಾಪಟ್ಟಿಯು ಸೂಕ್ತವಾದ ಗಂಟೆಯನ್ನೂ ಸೂಚಿಸುತ್ತವೆ, ಆದರೆ ಹೋಗಬಹುದೇ ಬೇಡವೇ ಎಂಬುದನ್ನು ನಿರ್ಧರಿಸುವುದು ಹವಾಮಾನ ಮತ್ತು ಅಲೆಗಳ ಸ್ಥಿತಿ ಮಾತ್ರ. ಮೊದಲೆರಡು ಅನುಕೂಲವಾಗಿದ್ದು ಮೂರನೆಯದು ಪ್ರತಿಕೂಲವಾಗಿದ್ದಲ್ಲಿ ಪ್ರವಾಸವನ್ನು ಕೈಬಿಡುವುದೇ ಸರಿಯಾದ ಕ್ರಮ.

1. ಉಬ್ಬರವಿಳಿತ ಎಂದರೇನು?

ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದ ಸಮುದ್ರದ ನೀರಿನ ಮಟ್ಟವು ನಿಯತವಾಗಿ ಏರುವುದನ್ನು ಉಬ್ಬರ ಅಥವಾ ಭರತವೆಂದೂ, ಇಳಿಯುವುದನ್ನು ಇಳಿತವೆಂದೂ ಕರೆಯಲಾಗುತ್ತದೆ. ಚಂದ್ರನು ಭೂಮಿಗೆ ಸಮೀಪದಲ್ಲಿರುವುದರಿಂದ ಅವನ ಪ್ರಭಾವವೇ ಹೆಚ್ಚು. ಸೂರ್ಯನ ಪ್ರಭಾವವು ಅದರ ಅರ್ಧಕ್ಕಿಂತ ತುಸು ಕಡಿಮೆ.

ಕರ್ನಾಟಕದ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಉಬ್ಬರ ಮತ್ತು ಎರಡು ಇಳಿತಗಳಾಗುತ್ತವೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಆದುದರಿಂದ ಉಬ್ಬರದ ವೇಳೆಯು ಪ್ರತಿದಿನ ಸರಾಸರಿ 50 ನಿಮಿಷಗಳಷ್ಟು ಮುಂದಕ್ಕೆ ಹೋಗುತ್ತದೆ. ಕಳೆದ ಭಾನುವಾರ ಅನುಕೂಲವಾಗಿದ್ದ ಗಂಟೆಯು ಈ ಭಾನುವಾರ ಅನುಕೂಲವಾಗಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಒಂದೇ ದಿನದ ಎರಡು ಉಬ್ಬರಗಳ ಎತ್ತರವೂ ಸಮನಾಗಿರುವುದಿಲ್ಲ.

ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರಿನ ಏರಿಳಿತವು ಸುಮಾರು 10 ಮೀಟರ್‌ವರೆಗೂ ಇರುತ್ತದೆ. ನಮ್ಮ ಕರಾವಳಿಯಲ್ಲಿ ಇದು ಬಹಳ ಕಡಿಮೆ. ಮಂಗಳೂರಿನಿಂದ ಉತ್ತರಕ್ಕೆ ಕಾರವಾರದತ್ತ ಸಾಗಿದಂತೆ ತುಸು ಹೆಚ್ಚಾಗುತ್ತದೆ. ಏರಿಳಿತವು ಕಡಿಮೆ ಎಂಬ ಕಾರಣಕ್ಕೆ ಅದನ್ನು ನಿರ್ಲಕ್ಷಿಸಲಾಗದು. ಇಳಿತದ ವೇಳೆಯಲ್ಲಿ ಒಣಗಿದ್ದ ಬಂಡೆಯ ಮೇಲೆ ನಿಂತವರಿಗೆ ಒಂದು ಮೀಟರ್ ನೀರು ಏರಿದರೂ ಹಿಂತಿರುಗುವ ದಾರಿ ಮುಚ್ಚಿಹೋಗಬಹುದು.

2. ತಿಥಿಯನ್ನು ನೋಡಿ ದಿನವನ್ನು ಆರಿಸುವುದು

ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಸೂರ್ಯ, ಚಂದ್ರ ಮತ್ತು ಭೂಮಿ ಬಹುತೇಕ ಒಂದೇ ರೇಖೆಯಲ್ಲಿರುವುದರಿಂದ ಏರಿಳಿತವು ಗರಿಷ್ಠವಾಗಿರುತ್ತದೆ. ಇದರ ಪೂರ್ಣ ಪರಿಣಾಮವು ಸಾಮಾನ್ಯವಾಗಿ ಒಂದೆರಡು ದಿನಗಳ ನಂತರ ಕಂಡುಬರುತ್ತದೆ. ಶುಕ್ಲ ಪಕ್ಷ ಹಾಗೂ ಕೃಷ್ಣ ಪಕ್ಷಗಳ ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತವು ಕನಿಷ್ಠವಾಗಿರುತ್ತದೆ. ಮನೆಯ ಗೋಡೆಯಲ್ಲಿ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರಿನಿಂದಲೇ ಇಷ್ಟನ್ನು ತಿಳಿಯಬಹುದು.

ಹುಣ್ಣಿಮೆಯಂದು ಮೀನು ತಪ್ಪದೆ ದೊರೆಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಗಾಳ ಹಾಕುವವರಿಗೆ ತಿಥಿಯಿಂದ ಆಗುವ ಮುಖ್ಯ ಪ್ರಯೋಜನವೆಂದರೆ ನೀರಿನ ಚಲನೆಯ ಅಂದಾಜು. ಏರಿಳಿತ ಹೆಚ್ಚಿದ್ದಷ್ಟೂ ಹರಿವು ಬಲವಾಗಿರುತ್ತದೆ. ಹರಿವಿನೊಂದಿಗೆ ಸಿಗಡಿ ಹಾಗೂ ಸಣ್ಣ ಮೀನುಗಳು ಚಲಿಸುವುದರಿಂದ ದೊಡ್ಡ ಮೀನುಗಳು ಆಹಾರಕ್ಕಾಗಿ ದಡದ ಸಮೀಪಕ್ಕೆ ಬರುತ್ತವೆ. ಆದರೆ ಹರಿವು ಅತಿಯಾದಲ್ಲಿ ಗಾಳದ ಸೀಸದ ಗುಂಡು ನೆಲದಲ್ಲಿ ನಿಲ್ಲದೆ ದಾರವು ಬಂಡೆಗಳಿಗೆ ಸಿಕ್ಕಿಕೊಳ್ಳುತ್ತದೆ. ಹೊಸದಾಗಿ ಕಲಿಯುವವರಿಗೆ ಹಾಗೂ ಮಕ್ಕಳೊಂದಿಗೆ ಬರುವವರಿಗೆ ಪಂಚಮಿಯಿಂದ ದಶಮಿಯವರೆಗಿನ ಸೌಮ್ಯವಾದ ದಿನಗಳು ಹೆಚ್ಚು ಸೂಕ್ತ.

3. ವೇಳಾಪಟ್ಟಿಯನ್ನು ನೋಡಿ ಗಂಟೆಯನ್ನು ಆರಿಸುವುದು

ಉಬ್ಬರವಿಳಿತದ ಅಧಿಕೃತ ವೇಳಾಪಟ್ಟಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯು ಪ್ರತಿವರ್ಷ ಪ್ರಕಟಿಸುತ್ತದೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು, ಅಂದರೆ ಇನ್‌ಕಾಯ್ಸ್ ಸಂಸ್ಥೆಯು, ತನ್ನ ಜಾಲತಾಣದಲ್ಲಿ ಈ ಮಾಹಿತಿಯನ್ನು ಒದಗಿಸುತ್ತದೆ. ಪಟ್ಟಿಯನ್ನು ಓದುವಾಗ ಈ ಕೆಳಕಂಡ ಅಂಶಗಳನ್ನು ಗಮನದಲ್ಲಿಡತಕ್ಕದ್ದು.

ಅ) ಪಟ್ಟಿಯಲ್ಲಿರುವ ಎತ್ತರವು ನೀರಿನ ಆಳವಲ್ಲ. ಅದು ಆಯಾ ಬಂದರಿಗೆ ನಿಗದಿಪಡಿಸಿದ ಆಧಾರ ಮಟ್ಟದಿಂದ ಅಳೆದ ಎತ್ತರ.

ಆ) ಪಟ್ಟಿಯು ನಿರ್ದಿಷ್ಟ ಬಂದರಿಗೆ ಸಂಬಂಧಿಸಿದ್ದು. ನದಿಯ ಒಳಭಾಗದ ಜೆಟ್ಟಿಗಳಲ್ಲಿ ಉಬ್ಬರವು ಅಳಿವೆ ಬಾಗಿಲಿಗಿಂತ ತಡವಾಗಿ ಆಗುತ್ತದೆ. ಶರಾವತಿ, ಅಘನಾಶಿನಿ, ಕಾಳಿ ಮುಂತಾದ ನದಿಗಳ ಹಿನ್ನೀರಿನಲ್ಲಿ ಗಾಳ ಹಾಕುವವರು ಈ ವ್ಯತ್ಯಾಸವನ್ನು ಸ್ಥಳೀಯ ಮೀನುಗಾರರಿಂದ ಕೇಳಿ ತಿಳಿಯುವುದು ಉತ್ತಮ.

ಇ) ಇದು ಲೆಕ್ಕಾಚಾರದ ಪಟ್ಟಿಯಾಗಿದ್ದು ಆ ದಿನದ ಗಾಳಿ, ವಾಯುಭಾರ ಹಾಗೂ ನದಿಯ ನೆರೆಯನ್ನು ಒಳಗೊಂಡಿರುವುದಿಲ್ಲ. ವಾಯುಭಾರವು 1 ಮಿಲಿಬಾರ್‌ನಷ್ಟು ಕುಸಿದರೆ ಸಮುದ್ರದ ಮಟ್ಟವು ಸುಮಾರು 1 ಸೆಂಟಿಮೀಟರ್ ಏರುತ್ತದೆ. ದಡದತ್ತ ಬೀಸುವ ಬಲವಾದ ಗಾಳಿಯೂ ನೀರನ್ನು ಏರಿಸುತ್ತದೆ.

ನೀರು ಏಕಪ್ರಕಾರದ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಭಾಗಗಳಾಗಿ ವಿಂಗಡಿಸಿದರೆ ಮೊದಲನೆಯ ಗಂಟೆಯಲ್ಲಿ 1, ಎರಡನೆಯದರಲ್ಲಿ 2, ಮೂರನೆಯ ಹಾಗೂ ನಾಲ್ಕನೆಯದರಲ್ಲಿ ತಲಾ 3, ಐದನೆಯದರಲ್ಲಿ 2 ಮತ್ತು ಆರನೆಯದರಲ್ಲಿ 1 ಭಾಗದಷ್ಟು ಏರುತ್ತದೆ ಎಂದು ಸ್ಥೂಲವಾಗಿ ಅಂದಾಜಿಸಬಹುದು. ಒಟ್ಟು ಏರಿಕೆಯು 1.2 ಮೀಟರ್ ಇದ್ದಲ್ಲಿ ಮೊದಲ ಗಂಟೆಯಲ್ಲಿ ಕೇವಲ 10 ಸೆಂಟಿಮೀಟರ್ ಏರಿದರೆ, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಒಟ್ಟು 60 ಸೆಂಟಿಮೀಟರ್ ಏರುತ್ತದೆ. ನಡುವಿನ ಈ ಎರಡು ಗಂಟೆಗಳೇ ಸಾಮಾನ್ಯವಾಗಿ ಗಾಳಕ್ಕೆ ಹೆಚ್ಚು ಫಲಕಾರಿ. ಗಮನ ತಪ್ಪಿದವರಿಗೆ ಹೆಚ್ಚು ಅಪಾಯಕಾರಿಯೂ ಇವೇ ಗಂಟೆಗಳು. ಉಬ್ಬರ ಅಥವಾ ಇಳಿತದ ತುದಿಯಲ್ಲಿ ನೀರು ನಿಶ್ಚಲವಾಗಿರುವಾಗ ಮೀನುಗಳು ಗಾಳಕ್ಕೆ ಬೀಳುವುದು ವಿರಳ.

ಅಳಿವೆ ಬಾಗಿಲಿನಲ್ಲಿ ಇಳಿತದ ಆರಂಭವೂ ಉಪಯುಕ್ತ. ಹಿನ್ನೀರಿನಿಂದ ಸಿಗಡಿ ಮತ್ತು ಮರಿಮೀನುಗಳು ಹೊರಕ್ಕೆ ಹರಿದುಬರುವಾಗ ಅವುಗಳನ್ನು ತಿನ್ನುವ ಮೀನುಗಳು ಬಾಗಿಲಿನಲ್ಲಿ ಕಾದಿರುತ್ತವೆ. ಮರಳು ನೆಲವಿರುವ ಕಡೆ ಕಾಣೆ ಮೀನನ್ನು ಅಪೇಕ್ಷಿಸುವವರು ಉಬ್ಬರವು ಏರುವ ಹೊತ್ತನ್ನು ಆರಿಸಿಕೊಳ್ಳಬಹುದು.

4. ಹವಾಮಾನ ಮತ್ತು ಅಲೆಗಳು

ನೈಋತ್ಯ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ರಾಜ್ಯದ ಕರಾವಳಿಯನ್ನು ಪ್ರವೇಶಿಸುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ನಿಷೇಧವು ದಡದಿಂದ ಗಾಳ ಹಾಕುವವರನ್ನು ಉದ್ದೇಶಿಸಿದ್ದಲ್ಲವಾದರೂ, ಆ ಅವಧಿಯಲ್ಲಿ ಬ್ರೇಕ್‌ವಾಟರ್‌ನ ಮೇಲೆ ಅಲೆಗಳು ಹಾದುಹೋಗುವುದರಿಂದ ಅಲ್ಲಿಗೆ ತೆರಳುವುದು ಸರ್ವಥಾ ಯೋಗ್ಯವಲ್ಲ. ಗಾಳದ ಹವ್ಯಾಸಕ್ಕೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯು ಹೆಚ್ಚು ಪ್ರಶಸ್ತ.

ಮಳೆಯಿಲ್ಲದ ತಿಂಗಳುಗಳಲ್ಲಿಯೂ ಮೂರು ವಿಷಯಗಳ ಬಗ್ಗೆ ಎಚ್ಚರ ವಹಿಸಬೇಕು.

ಮೊದಲನೆಯದು ಕಡಲಗಾಳಿ. ಮುಂಜಾನೆ ಸಮುದ್ರವು ಶಾಂತವಾಗಿದ್ದು, ನೆಲವು ಬಿಸಿಯಾದಂತೆ ಮಧ್ಯಾಹ್ನದ ವೇಳೆಗೆ ಸಮುದ್ರದ ಕಡೆಯಿಂದ ಗಾಳಿ ಬಲವಾಗುತ್ತದೆ. ಆಗ ಸಣ್ಣ ಅಲೆಗಳೂ ಹೆಚ್ಚುತ್ತವೆ.

ಎರಡನೆಯದು ಸಿಡಿಲು. ಏಪ್ರಿಲ್–ಮೇ ಹಾಗೂ ಅಕ್ಟೋಬರ್–ನವೆಂಬರ್ ತಿಂಗಳುಗಳ ಸಂಜೆ ಗುಡುಗು ಸಹಿತ ಮಳೆಯಾಗುತ್ತದೆ. ಬಯಲಿನಲ್ಲಿ ಎತ್ತಿ ಹಿಡಿದ ಗಾಳದ ಕೋಲು, ಅದರಲ್ಲಿಯೂ ಕಾರ್ಬನ್ ಕೋಲು, ವಿದ್ಯುತ್ತಿಗೆ ವಾಹಕವಾಗುತ್ತದೆ. ಮಿಂಚಿಗೂ ಗುಡುಗಿಗೂ 30 ಸೆಕೆಂಡುಗಳಿಗಿಂತ ಕಡಿಮೆ ಅಂತರವಿದ್ದರೆ ಕೂಡಲೇ ಕೋಲನ್ನು ಕೆಳಗಿರಿಸಿ ಪಕ್ಕಾ ಕಟ್ಟಡದೊಳಗೆ ಅಥವಾ ಮುಚ್ಚಿದ ವಾಹನದೊಳಗೆ ತೆರಳತಕ್ಕದ್ದು. ಕೊನೆಯ ಗುಡುಗಿನ ನಂತರ 30 ನಿಮಿಷಗಳವರೆಗೆ ಹೊರಬರಬಾರದು.

ಮೂರನೆಯದು ದೂರದ ಅಲೆಗಳು. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿ ಎದ್ದಾಗ ಅಲ್ಲಿ ಹುಟ್ಟಿದ ನೀಳವಾದ ಅಲೆಗಳು ಕೆಲವು ದಿನಗಳ ನಂತರ ನಮ್ಮ ದಡವನ್ನು ತಲುಪುತ್ತವೆ. ಆ ವೇಳೆ ಇಲ್ಲಿ ಆಕಾಶ ನಿರ್ಮಲವಾಗಿದ್ದು ಗಾಳಿಯೂ ಇರುವುದಿಲ್ಲ. ಕೇರಳದ ಮೀನುಗಾರರು ಇದನ್ನು ಕಳ್ಳ ಸಮುದ್ರ ಎಂಬ ಅರ್ಥದಲ್ಲಿ ‘ಕಳ್ಳಕ್ಕಡಲ್’ ಎಂದು ಕರೆಯುತ್ತಾರೆ. ಆಕಾಶವನ್ನು ಮಾತ್ರ ನೋಡಿ ಹೊರಡುವವರಿಗೆ ಇದರ ಸುಳಿವು ಸಿಗುವುದಿಲ್ಲ. ಆದುದರಿಂದ ಇನ್‌ಕಾಯ್ಸ್ ಸಂಸ್ಥೆಯು ನೀಡುವ ಎತ್ತರದ ಅಲೆಗಳ ಎಚ್ಚರಿಕೆಯನ್ನೂ, ಭಾರತ ಹವಾಮಾನ ಇಲಾಖೆಯು ಮೀನುಗಾರರಿಗೆ ನೀಡುವ ಎಚ್ಚರಿಕೆಯನ್ನೂ ಹಿಂದಿನ ಸಂಜೆ ಒಮ್ಮೆ ಹಾಗೂ ಹೊರಡುವ ಮುನ್ನ ಇನ್ನೊಮ್ಮೆ ನೋಡುವುದು ಅವಶ್ಯ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತವು ಗುಜರಾತಿನಲ್ಲಿ ದಡ ಸೇರಿತಾದರೂ, ಅದು ಸಮುದ್ರದಲ್ಲಿ ಸಾಗಿಹೋಗುವಾಗಲೇ ನಮ್ಮ ಕರಾವಳಿಯಲ್ಲಿ ಭಾರಿ ಅಲೆಗಳು ಅಪ್ಪಳಿಸಿದ್ದವು.

5. ಯೋಜನೆಯ ಒಂದು ಮಾದರಿ

ಉಬ್ಬರದ ವೇಳೆಯು ತಿಥಿಯನ್ನು ಅನುಸರಿಸುವುದರಿಂದ ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಪೂರ್ಣ ಉಬ್ಬರವು ಸಾಮಾನ್ಯವಾಗಿ ನಡುಹಗಲು ಹಾಗೂ ನಡುರಾತ್ರಿಯ ಆಸುಪಾಸಿನಲ್ಲಿ ಆಗುತ್ತದೆ. ಹುಣ್ಣಿಮೆಯ ಮರುದಿನ ಮಲ್ಪೆಗೆ ಹೊರಟವರ ಪಟ್ಟಿಯಲ್ಲಿ ಬೆಳಗ್ಗೆ 5.30ಕ್ಕೆ ಇಳಿತ 0.3 ಮೀಟರ್, 11.45ಕ್ಕೆ ಉಬ್ಬರ 1.5 ಮೀಟರ್ ಎಂದು ಇದೆ ಎಂದಿಟ್ಟುಕೊಳ್ಳೋಣ. ನೀರು ವೇಗವಾಗಿ ಏರುವ ಅವಧಿಯು 7.30 ರಿಂದ 9.30ರವರೆಗೆ. ಪೂರ್ಣ ಉಬ್ಬರವೂ ಕಡಲಗಾಳಿಯೂ ನಡುಹಗಲಿನಲ್ಲಿ ಒಟ್ಟಾಗುತ್ತವೆ. ಆದುದರಿಂದ 10.30ಕ್ಕೆ ಸ್ಥಳವನ್ನು ಬಿಡುವುದೆಂದು ಮೊದಲು ನಿಗದಿಪಡಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕಹಾಕಿ 7.00 ಗಂಟೆಗೆ ತಲುಪುವಂತೆ ಹೊರಡಬೇಕು. ಹೊರಡುವ ಗಂಟೆಗಿಂತ ಹಿಂತಿರುಗುವ ಗಂಟೆಯನ್ನು ಮೊದಲು ಬರೆದಿಟ್ಟುಕೊಳ್ಳುವುದು ಈ ಯೋಜನೆಯ ಮುಖ್ಯ ಅಂಶ. ಮೀನು ಬೀಳುತ್ತಿದೆ ಎಂಬ ಕಾರಣಕ್ಕೆ ಆ ಗಂಟೆಯನ್ನು ಮುಂದೂಡಬಾರದು.

6. ಸ್ಥಳದಲ್ಲಿ ಅನುಸರಿಸಬೇಕಾದ ಕ್ರಮಗಳು

1) ಬಂದರು ಹಾಗೂ ಮೀನುಗಾರಿಕಾ ಜೆಟ್ಟಿಗಳ ಕೆಲವು ಭಾಗಗಳು ನಿರ್ಬಂಧಿತ ಪ್ರದೇಶಗಳು. ಸಂಬಂಧಪಟ್ಟ ಬಂದರು ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಅವಶ್ಯವಿದ್ದಲ್ಲಿ ಮುಂಚಿತವಾಗಿ ಪಡೆಯತಕ್ಕದ್ದು. ದೋಣಿಗಳು ಮೀನು ಇಳಿಸುವ ಸ್ಥಳದಲ್ಲಿ ಗಾಳ ಹಾಕಬಾರದು.

2) ತಲುಪಿದ ಕೂಡಲೇ ಗಾಳ ಬಿಚ್ಚದೆ 15 ರಿಂದ 20 ನಿಮಿಷ ಅಲೆಗಳನ್ನು ಗಮನಿಸಬೇಕು. ದೊಡ್ಡ ಅಲೆಗಳು ಗುಂಪಾಗಿ, ಬಿಡುವು ಕೊಟ್ಟು ಬರುತ್ತವೆ. ಕಲ್ಲುಗಳು ಒದ್ದೆಯಾಗಿರುವ ಎತ್ತರದವರೆಗೆ ಅಲೆ ಬಂದಿದೆ ಎಂದರ್ಥ. ನಿಲ್ಲುವ ಸ್ಥಳ ಅದಕ್ಕಿಂತ ಮೇಲಿರಬೇಕು.

3) ಬ್ರೇಕ್‌ವಾಟರ್‌ನ ಹೊರಮೈಯಲ್ಲಿರುವ ಟೆಟ್ರಾಪಾಡ್ ಕಾಂಕ್ರೀಟ್ ಗಟ್ಟಿಗಳ ಮೇಲೆ ಇಳಿಯಬಾರದು. ಪಾಚಿಯಿಂದ ಜಾರಿ ಅವುಗಳ ನಡುವಿನ ಸಂದಿಗೆ ಬಿದ್ದವರನ್ನು ಮೇಲೆತ್ತುವುದು ಬಹಳ ಕಷ್ಟ.

4) ಒಬ್ಬರೇ ಹೋಗಬಾರದು. ಹಿಂತಿರುಗುವ ವೇಳೆಯನ್ನು ಮನೆಯವರಿಗೆ ತಿಳಿಸಿರಬೇಕು. ಜೀವರಕ್ಷಕ ಜಾಕೆಟ್ ಧರಿಸಿ, ಒಂದು ಉದ್ದನೆಯ ಹಗ್ಗವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು.

5) ಯಾರಾದರೂ ನೀರಿಗೆ ಬಿದ್ದಲ್ಲಿ ಅವರ ಹಿಂದೆ ಹಾರಬಾರದು. ಹಗ್ಗ, ಖಾಲಿ ಕ್ಯಾನ್ ಅಥವಾ ತೇಲುವ ವಸ್ತುವನ್ನು ಎಸೆದು ಸಹಾಯಕ್ಕೆ ಕರೆಯಬೇಕು. ತುರ್ತು ಸಹಾಯವಾಣಿ 112, ಕರಾವಳಿ ಕಾವಲು ಪೊಲೀಸ್ 1093, ಭಾರತೀಯ ಕರಾವಳಿ ರಕ್ಷಣಾ ಪಡೆ 1554.

6) ತುಂಡಾದ ನೈಲಾನ್ ದಾರ ಮತ್ತು ಗಾಳಗಳನ್ನು ಸ್ಥಳದಲ್ಲಿ ಬಿಡಬಾರದು. ಅವು ಹಕ್ಕಿ ಮತ್ತು ಕಡಲಾಮೆಗಳಿಗೆ ಮಾರಕ. ತೀರಾ ಸಣ್ಣ ಮೀನುಗಳನ್ನು ಜೀವಂತವಾಗಿ ನೀರಿಗೆ ಬಿಡುವುದು ಉತ್ತಮ.

ಪಟ್ಟಿಯಲ್ಲಿ ಎಲ್ಲವೂ ಅನುಕೂಲವಾಗಿದ್ದು ಎದುರಿನ ಅಲೆಯು ಬೇರೆಯದನ್ನು ಹೇಳುತ್ತಿದ್ದಲ್ಲಿ ಅಲೆಯನ್ನೇ ನಂಬತಕ್ಕದ್ದು. ಸ್ಥಳೀಯ ಮೀನುಗಾರರು ಅಥವಾ ಕರ್ತವ್ಯನಿರತ ಸಿಬ್ಬಂದಿ ಹಿಂದಕ್ಕೆ ಬರುವಂತೆ ಸೂಚಿಸಿದಾಗ ಚರ್ಚಿಸದೆ ಪಾಲಿಸಬೇಕು. ಮುಂದಿನ ಪಕ್ಷದಲ್ಲಿ ಅದೇ ತಿಥಿಯೂ ಅದೇ ಉಬ್ಬರವೂ ಮರಳಿ ಬರುವುದರಿಂದ ಒಂದು ದಿನದ ಪ್ರವಾಸವನ್ನು ಮುಂದೂಡುವುದರಿಂದ ನಷ್ಟವೇನೂ ಇಲ್ಲ. ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಅನುಸರಿಸಿ ಸುರಕ್ಷಿತವಾಗಿ ಈ ಹವ್ಯಾಸವನ್ನು ಆನಂದಿಸಬೇಕೆಂದು ಕೋರಲಾಗಿದೆ.