ನಾಲ್ಕು ಮಿಲಿಮೀಟರ್ ಉಕ್ಕು, ಎರಡೂವರೆ ಟನ್ ಗಾಡಿ

ದೊಡ್ಡ ಎಸ್‌ಯುವಿಯೊಂದನ್ನು ಗ್ಯಾರೇಜಿನ ಪಿಟ್ ಮೇಲೆ ನಿಲ್ಲಿಸಿ, ಕೆಳಗಿಳಿದು ತಲೆಯೆತ್ತಿ ನೋಡಿ. ಎಡ ಚಕ್ರದ ಬಳಿಯಿಂದ ಬಲ ಚಕ್ರದ ಬಳಿಯವರೆಗೆ ಅಡ್ಡಲಾಗಿ ಚಾಚಿಕೊಂಡ, ಎರಡೂ ತುದಿಗಳಲ್ಲಿ ಬಾಗಿದ ಉಕ್ಕಿನ ಸರಳೊಂದು ಕಾಣುತ್ತದೆ. ದಪ್ಪ ಮೂರು ಸೆಂಟಿಮೀಟರ್ ಆಸುಪಾಸು. ಅದಕ್ಕೆ ಮೋಟಾರಿಲ್ಲ, ಆಯಿಲ್ ಇಲ್ಲ, ವೈರಿಲ್ಲ. ಶೋರೂಮಿನಲ್ಲಿ ಅದರ ಹೆಸರೆತ್ತುವವರೂ ಇಲ್ಲ. ಮೆಕ್ಯಾನಿಕ್‌ಗಳು ಸ್ಟೆಬಿಲೈಜರ್ ಬಾರ್ ಅನ್ನುತ್ತಾರೆ, ಗಾಡಿಯ ಹುಚ್ಚಿರುವವರು ಸ್ವೇ ಬಾರ್ ಅನ್ನುತ್ತಾರೆ. ತಿರುವಿನಲ್ಲಿ ಗಾಡಿ ಹೊರಮಗ್ಗುಲಿಗೆ ವಾಲದಂತೆ ತಡೆಯುವುದು ಅದರ ಕೆಲಸ.

ಈ ಸರಳು 28 ಮಿಲಿಮೀಟರ್ ದಪ್ಪದ್ದು ಅಂತಿಟ್ಟುಕೊಳ್ಳಿ. ತೆಗೆದು 32 ಮಿಲಿಮೀಟರಿನದನ್ನು ಹಾಕಿದಿರಿ. ಹೆಚ್ಚಾದದ್ದು ನಾಲ್ಕೇ ಮಿಲಿಮೀಟರ್, ಪಕ್ಕಪಕ್ಕ ಇಟ್ಟರೆ ಹೊರತು ವ್ಯತ್ಯಾಸ ಕಣ್ಣಿಗೆ ಬೀಳದು. ಆದರೆ ತಿರುಚುವ ಬಲವನ್ನು ತಡೆದುಕೊಳ್ಳುವ ಅದರ ಬಿಗಿ ನೂರಕ್ಕೆ ಎಪ್ಪತ್ತರಷ್ಟು ಏರಿರುತ್ತದೆ. ಈ ಲೆಕ್ಕವನ್ನು ಎಷ್ಟು ಸಲ ಮಾಡಿ ನೋಡಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಇದರ ಹಿಂದಿರುವುದು ನಾಲ್ಕನೇ ಘಾತದ ನಿಯಮ. ದುಂಡನೆಯ ಸರಳಿನ ತಿರುಚು ಬಿಗಿ ಅದರ ವ್ಯಾಸದ ಜೊತೆ ಸಮಸಮನಾಗಿ ಏರುವುದಿಲ್ಲ. ವ್ಯಾಸವನ್ನು ನಾಲ್ಕು ಸಲ ಒಂದಕ್ಕೊಂದು ಗುಣಿಸಿದಷ್ಟು ಏರುತ್ತದೆ. 28ನ್ನು ಹಾಗೆ ಗುಣಿಸಿದರೆ 6,14,656. 32ನ್ನು ಗುಣಿಸಿದರೆ 10,48,576. ಎರಡನೆಯದು ಮೊದಲಿನದರ 1.7 ಪಟ್ಟು. 25 ಮಿಲಿಮೀಟರಿನಿಂದ 30ಕ್ಕೆ ಹೋದರೆ ಬಿಗಿ ದುಪ್ಪಟ್ಟಿಗಿಂತ ತುಸು ಹೆಚ್ಚು. ದಪ್ಪವನ್ನೇ ದುಪ್ಪಟ್ಟು ಮಾಡಿದರೆ ಹದಿನಾರು ಪಟ್ಟು. ಇಷ್ಟಕ್ಕೆಲ್ಲ ಖರ್ಚಾಗುವ ಉಕ್ಕು ಎಷ್ಟು? 28 ಮಿಲಿಮೀಟರಿನ ಸರಳು ಮೀಟರಿಗೆ 4.8 ಕೆಜಿ ತೂಗುತ್ತದೆ, 32ರದ್ದು 6.3 ಕೆಜಿ. ಮೀಟರಿಗೆ ಒಂದೂವರೆ ಕೆಜಿ ಉಕ್ಕು ಹೆಚ್ಚು ಹಾಕಿದ್ದಕ್ಕೆ ಈ ಫಲ.

ಅದೇ ನಿಯಮದ ಇನ್ನೊಂದು ಮುಖ ಇನ್ನೂ ಸೋಜಿಗದ್ದು. ಗಟ್ಟಿ ಸರಳಿನ ನಡುವಿನ ತಿರುಳನ್ನು, ಅಂದರೆ ಅರ್ಧ ವ್ಯಾಸದಷ್ಟು ಭಾಗವನ್ನು, ಕೊರೆದು ತೆಗೆದರೆ ತೂಕ ಕಾಲು ಭಾಗ ಇಳಿಯುತ್ತದೆ. ಬಿಗಿ ಇಳಿಯುವುದು ಹದಿನಾರರಲ್ಲಿ ಒಂದೇ ಭಾಗ. ತಿರುಚಿದಾಗ ದುಡಿಯುವುದು ಹೊರಗಿನ ಪದರ, ನಡುವಿನ ಉಕ್ಕು ಹೆಚ್ಚು ಕಡಿಮೆ ಸುಮ್ಮನೆ ಕೂತಿರುತ್ತದೆ. ಹೊರವ್ಯಾಸ 32, ಒಳವ್ಯಾಸ 24 ಮಿಲಿಮೀಟರಿನ ಕೊಳವೆಯನ್ನು ಮೊದಲಿನ 28ರ ಗಟ್ಟಿ ಸರಳಿಗೆ ಹೋಲಿಸಿ ನೋಡಿ. ಕೊಳವೆಯ ಬಿಗಿ ನೂರಕ್ಕೆ 16ಕ್ಕೂ ಹೆಚ್ಚು, ತೂಕ ನೂರಕ್ಕೆ 43ರಷ್ಟು ಕಡಿಮೆ. ಟೊಳ್ಳು ಬಾರ್ ಅಂದರೆ ಅಗ್ಗದ ಮಾಲು ಎಂದು ಮೂಗು ಮುರಿಯುವವರು ಈ ಒಂದು ಲೆಕ್ಕ ಮಾಡಿ ನೋಡಬೇಕು.

ಈ ಸರಳಿನ ಪೇಟೆಂಟ್ ಇತಿಹಾಸ 1919ರ ಏಪ್ರಿಲ್‌ಗೆ ಹೋಗುತ್ತದೆ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡರಿಕ್ಟನ್ ಊರಿನ ಸ್ಟೀಫನ್ ಕೋಲ್ಮನ್ ಅದನ್ನು ಪಡೆದವರು. ಒಂದು ಶತಮಾನ ದಾಟಿದರೂ ತತ್ವ ಹಾಗೇ ಉಳಿದಿದೆ. ರಸ್ತೆಯ ಹಂಪ್ ಮೇಲೆ ಎಡ ಬಲ ಚಕ್ರಗಳೆರಡೂ ಒಟ್ಟಿಗೆ ಏರಿದರೆ ಸರಳು ತನ್ನನ್ನು ಹಿಡಿದಿರುವ ಬುಶ್‌ಗಳ ಒಳಗೆ ಸುಮ್ಮನೆ ಹೊರಳುತ್ತದೆ, ಯಾರಿಗೂ ಅಡ್ಡ ಬರುವುದಿಲ್ಲ. ಒಂದು ಪಕ್ಕದ ಚಕ್ರ ಮೇಲೆ, ಇನ್ನೊಂದು ಕೆಳಗೆ ಆದಾಗ ಮಾತ್ರ ತಿರುಚಿಕೊಳ್ಳುತ್ತದೆ, ತಿರುಚಿಕೊಂಡಷ್ಟೂ ಪ್ರತಿರೋಧ ಒಡ್ಡುತ್ತದೆ.

ಈಗ ಭಾರದ ಲೆಕ್ಕಕ್ಕೆ ಬರೋಣ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೋಟಾ ಫಾರ್ಚೂನರ್ 1,835 ಮಿಲಿಮೀಟರ್ ಎತ್ತರ, 1,855 ಮಿಲಿಮೀಟರ್ ಅಗಲ. ಹೆಚ್ಚುಕಮ್ಮಿ ಅಗಲದಷ್ಟೇ ಎತ್ತರ, ಖಾಲಿ ಇದ್ದಾಗಲೇ ಎರಡು ಟನ್ ಆಸುಪಾಸು ತೂಕ. ಇಂಥ ಜಾತಿಯ ಗಾಡಿಯೊಂದರಲ್ಲಿ ಜನ ತುಂಬಿ, ಲಗೇಜ್ ಹೇರಿ ಒಟ್ಟು 2,500 ಕೆಜಿ ಆಯಿತು ಅನ್ನಿ. ಗುರುತ್ವ ಕೇಂದ್ರ ನೆಲದಿಂದ 75 ಸೆಂಟಿಮೀಟರ್ ಮೇಲೆ, ಎಡ ಬಲ ಚಕ್ರಗಳ ನಡುವಿನ ಅಂತರ 1.55 ಮೀಟರ್. ಇದು 30 ಮೀಟರ್ ತ್ರಿಜ್ಯದ ತಿರುವಿಗೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಸ್ಪೀಡೋಮೀಟರ್ ನೋಡಿದರೆ ಏನೂ ಅಲ್ಲದ ವೇಗ. ಆ ಕ್ಷಣದಲ್ಲಿ ಒಳಪಕ್ಕದ ಎರಡು ಚಕ್ರಗಳಿಂದ ಹೊರಪಕ್ಕದ ಎರಡು ಚಕ್ರಗಳಿಗೆ ದಾಟುವ ಭಾರ ಸುಮಾರು 500 ಕೆಜಿ. ಹತ್ತು ಮೂಟೆ ಅಕ್ಕಿಯನ್ನು ಗಾಡಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಎತ್ತಿ ಒಗೆದಂತೆ! ಒಳಗೆ ಕೂತವರಿಗೆ ಸೀಟಿನಲ್ಲಿ ಒಂಚೂರು ಜರುಗಿದ ಅನುಭವ, ಅಷ್ಟೇ.

ವೇಗ ಏರಿದರೆ ಈ ಭಾರ ವೇಗದ ವರ್ಗದಷ್ಟು ಏರುತ್ತದೆ. ಅದೇ ತಿರುವಿನಲ್ಲಿ 30ಕ್ಕೆ 285 ಕೆಜಿ, 50ಕ್ಕೆ 790 ಕೆಜಿ. 60ಕ್ಕೆ ಲೆಕ್ಕ ಹಾಕಿದರೆ ಒಳಪಕ್ಕದ ಚಕ್ರಗಳೆರಡರ ಮೇಲೆ ಉಳಿಯುವುದು 110 ಕೆಜಿಗಿಂತ ಕಡಿಮೆ. ಅಲ್ಲಿಗೆ ಮುಟ್ಟುವ ಮೊದಲೇ ಟಯರುಗಳು ಜಾರಿರುತ್ತವೆ ಎನ್ನುವುದಷ್ಟೇ ಸಮಾಧಾನ, ಅದೂ ಪೂರ್ತಿ ನಂಬುವ ಸಮಾಧಾನ ಅಲ್ಲ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಒಂದೊಂದರ ತ್ರಿಜ್ಯ 12 ಮೀಟರ್, ವೇಗ ಬರೀ 20 ಅಂತ ಹಿಡಿದರೂ ಪ್ರತಿ ತಿರುವಿನಲ್ಲಿ 315 ಕೆಜಿ ದಾಟುತ್ತದೆ. ಬೆಟ್ಟ ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಅತ್ತಿಂದಿತ್ತ ಆಡಿದ ಭಾರ ನಾಲ್ಕು ಟನ್ ದಾಟಿರುತ್ತದೆ.

ದಪ್ಪ ಸ್ವೇ ಬಾರ್ ಹಾಕಿದರೆ ಹೀಗೆ ದಾಟುವ ಭಾರದಲ್ಲಿ ಎಷ್ಟು ಕಡಿಮೆಯಾಗುತ್ತದೆ? ಇದನ್ನು ಕೇಳಿದರೆ ಹೆಚ್ಚಿನವರು ಅರ್ಧಕ್ಕರ್ಧ ಅನ್ನುತ್ತಾರೆ. ನಿಜವಾದ ಉತ್ತರ ಹನ್ನೆರಡು ಕೆಜಿಯ ಆಸುಪಾಸು.

ಇದನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಬಾರ್ ಬದಲಿಸಲು ಹೊರಟವರು ಮೊದಲು ಎಡವುವುದು ಇಲ್ಲೇ. ದಾಟುವ ಭಾರವನ್ನು ನಿರ್ಧರಿಸುವುದು ಗಾಡಿಯ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ಅಂತರ ಮತ್ತು ತಿರುವಿನ ವೇಗ. ಬಾರ್ ಇವು ಯಾವುದನ್ನೂ ಮುಟ್ಟುವುದಿಲ್ಲ, ಅದು ಕಡಿಮೆ ಮಾಡುವುದು ವಾಲಿಕೆಯನ್ನು ಮಾತ್ರ. ಬಾಡಿ 3 ಡಿಗ್ರಿ ವಾಲಿದಾಗ ಅದರ ಗುರುತ್ವ ಕೇಂದ್ರ ಹೊರಕ್ಕೆ 2.6 ಸೆಂಟಿಮೀಟರ್ ಜರುಗುತ್ತದೆ, ಆ ಜರುಗುವಿಕೆಯಿಂದ ಸುಮಾರು 37 ಕೆಜಿ ಹೆಚ್ಚುವರಿ ದಾಟುತ್ತದೆ. ಹಿಂದೆ ಮುಂದೆ ಎರಡೂ ಬಾರ್ ಬದಲಿಸಿ ವಾಲಿಕೆಯನ್ನು 2 ಡಿಗ್ರಿಗೆ ಇಳಿಸಿದರೆ ಆ 37ರಲ್ಲಿ ಮೂರನೇ ಒಂದು ಭಾಗ ಕಡಿಮೆಯಾಯಿತು. ಅದೇ ಆ ಹನ್ನೆರಡು ಕೆಜಿ. ಬಾರಿನ ಬಿಗಿ ಎಪ್ಪತ್ತು ಪರ್ಸೆಂಟ್ ಏರಿದರೆ ವಾಲಿಕೆಯೂ ಎಪ್ಪತ್ತು ಪರ್ಸೆಂಟ್ ಇಳಿಯುವುದಿಲ್ಲ, ಏಕೆಂದರೆ ವಾಲಿಕೆಯನ್ನು ತಡೆಯುವ ಕೆಲಸದಲ್ಲಿ ಒಂದು ಪಾಲು ಸ್ಪ್ರಿಂಗುಗಳದ್ದು.

ಹಾಗಾದರೆ ಇಷ್ಟೆಲ್ಲ ಹಣ ಸುರಿಯುವುದು ಯಾತಕ್ಕೆ? ಎಡ ಬಲ ಸೇರಿ ಎಸ್ ಆಕಾರದ ತಿರುವು ಬಂದಾಗ ಗೊತ್ತಾಗುತ್ತದೆ. 3 ಡಿಗ್ರಿ ಬಲಕ್ಕೆ ವಾಲಿದ ಬಾಡಿ ಮರುಕ್ಷಣ 3 ಡಿಗ್ರಿ ಎಡಕ್ಕೆ ಬರಬೇಕು, ಒಟ್ಟು ಆರು ಡಿಗ್ರಿ ಓಲಾಟ. ಕೂತವರ ತಲೆ ಹತ್ತು ಸೆಂಟಿಮೀಟರ್ ತೂಗುತ್ತದೆ. ಆ ಓಲಾಟ ನಿಂತು ಗಾಡಿ ನೆಲೆ ಕಾಣುವವರೆಗೆ ಸ್ಟೀರಿಂಗ್ ಏನು ಹೇಳುತ್ತಿದೆ ಎನ್ನುವುದು ಚಾಲಕನಿಗೆ ಸ್ಪಷ್ಟವಾಗುವುದಿಲ್ಲ. ದಪ್ಪ ಬಾರ್ ಈ ಓಲಾಟವನ್ನು ಆರರಿಂದ ನಾಲ್ಕು ಡಿಗ್ರಿಗೆ ತರುತ್ತದೆ, ಟಯರು ರಸ್ತೆಗೆ ನೆಟ್ಟಗೆ ನಿಲ್ಲುವಂತೆ ಮಾಡುತ್ತದೆ, ಸ್ಟೀರಿಂಗ್ ತಿರುಗಿಸಿದ್ದಕ್ಕೆ ಗಾಡಿ ಬೇಗ ಓಗೊಡುತ್ತದೆ. ಎರಡೂವರೆ ಟನ್ನಿನ ಗಾಡಿಯಲ್ಲಿ ಈ ಬದಲಾವಣೆ ಮೊದಲ ತಿರುವಿನಲ್ಲೇ ಅರಿವಿಗೆ ಬರುವಷ್ಟು ದೊಡ್ಡದು. ಇದರಲ್ಲಿ ಉತ್ಪ್ರೇಕ್ಷೆ ಏನಿಲ್ಲ.

ಇನ್ನೊಂದು ಕೆಲಸ ಕಣ್ಣಿಗೆ ಕಾಣದ್ದು, ಆದರೆ ಹೆಚ್ಚು ಗಂಭೀರ. ಆ 500 ಕೆಜಿಯಲ್ಲಿ ಮುಂದಿನ ಚಕ್ರಗಳು ಎಷ್ಟು ಹೊರಬೇಕು, ಹಿಂದಿನವು ಎಷ್ಟು ಎನ್ನುವ ಪಾಲುಪಟ್ಟಿ ಬರೆಯುವುದು ಈ ಬಾರುಗಳೇ. ಬಾರ್ ಎಲ್ಲಿ ಬಿಗಿಯೋ ಆ ತುದಿಯಲ್ಲಿ ಹೆಚ್ಚು ಭಾರ ದಾಟುತ್ತದೆ. ಟಯರಿನ ಸ್ವಭಾವ ಏನೆಂದರೆ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ. ಆದ್ದರಿಂದ ಯಾವ ತುದಿಯಲ್ಲಿ ಹೆಚ್ಚು ಭಾರ ದಾಟಿತೋ ಆ ತುದಿಯ ಒಟ್ಟು ಹಿಡಿತ ಕಡಿಮೆಯಾಗುತ್ತದೆ, ಜಾರುವಾಗ ಅದೇ ಮೊದಲು ಜಾರುತ್ತದೆ. ಕಂಪನಿಗಳು ದೊಡ್ಡ ಎಸ್‌ಯುವಿಗಳನ್ನು ಬೇಕೆಂದೇ ಮುಂದಿನ ಚಕ್ರ ಮೊದಲು ಜಾರುವಂತೆ ಹೊಂದಿಸಿರುತ್ತವೆ. ಮೂತಿ ಜಾರಿದರೆ ಸಾಮಾನ್ಯ ಚಾಲಕನೂ ವೇಗ ಇಳಿಸಿ ಸರಿಪಡಿಸಿಕೊಳ್ಳಬಲ್ಲ. ಹಿಂಭಾಗ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ. ಮೂತಿ ಜಾರುವುದು ಕಿರಿಕಿರಿ ಎಂದು ಹಿಂದಿನ ಬಾರ್ ಒಂದನ್ನೇ ದಪ್ಪ ಮಾಡಿಸುವುದು ಜನಪ್ರಿಯ ಉಪಾಯ. ಹದವಾಗಿ ಮಾಡಿದರೆ ಗಾಡಿ ಚೆನ್ನಾಗಿ ತಿರುಗುತ್ತದೆ. ನಾಲ್ಕನೇ ಘಾತವನ್ನು ಮರೆತು ಇನ್ನೊಂದೆರಡು ಮಿಲಿಮೀಟರ್ ಇರಲಿ ಬಿಡಿ ಎಂದು ದಪ್ಪ ಏರಿಸಿದರೆ ಮಳೆಗಾಲದ ಮಲೆನಾಡಿನ ರಸ್ತೆಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಐಷಾರಾಮಿ ಕಂಪನಿಗಳು ಇದೇ ಸರಳನ್ನು ನಡುವೆ ಕತ್ತರಿಸಿ ಅಲ್ಲೊಂದು ವಿದ್ಯುತ್ ಮೋಟಾರ್ ಕೂರಿಸಿವೆ. 2016ರಲ್ಲಿ ಬಂದ ಆಡಿ ಎಸ್‌ಕ್ಯೂ7ರಲ್ಲಿ 48 ವೋಲ್ಟಿನ ಮೋಟಾರ್, ಗೇರುಗಳ ಮೂಲಕ, ಬಾರಿನ ಎರಡು ಅರ್ಧಗಳನ್ನು ಒಂದಕ್ಕೊಂದು ವಿರುದ್ಧವಾಗಿ 1,200 ನ್ಯೂಟನ್ ಮೀಟರ್ ಬಲದಲ್ಲಿ ತಿರುಚುತ್ತದೆ. ಫಾರ್ಚೂನರಿನ 2.8 ಲೀಟರ್ ಡೀಸೆಲ್ ಆಟೊಮ್ಯಾಟಿಕ್‌ನ ಎಂಜಿನ್ ಕೊಡುವ ಗರಿಷ್ಠ ಟಾರ್ಕ್ 500. ಗಾಡಿಯನ್ನು ನೆಟ್ಟಗೆ ನಿಲ್ಲಿಸುವುದಕ್ಕೆ ಮಾತ್ರ, ಇನ್ನೊಂದು ಗಾಡಿಯನ್ನು ಓಡಿಸುವ ಎಂಜಿನ್ನಿನ ಎರಡು ಪಟ್ಟಿಗೂ ಮೀರಿದ ತಿರುಚು ಬಲ! ಬೆಂಟ್ಲಿ ಬೆಂಟೇಗಾದಲ್ಲಿ ಅದು 1,300. ಕಾಡುಮೇಡು ಹತ್ತುವವರ ತೊಂದರೆ ಬೇರೆ. ಬಾರ್ ಎಡ ಬಲ ಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಾಕುವುದರಿಂದ ಗುಂಡಿಗೆ ಇಳಿಯಬೇಕಾದ ಚಕ್ರ ಗಾಳಿಯಲ್ಲಿ ನೇತಾಡುತ್ತದೆ. ಟೊಯೋಟಾ ಲ್ಯಾಂಡ್ ಕ್ರೂಸರ್ 200ರಲ್ಲಿ ಮುಂದಿನ ಹಿಂದಿನ ಬಾರುಗಳನ್ನು ಹೈಡ್ರಾಲಿಕ್ ಸಿಲಿಂಡರುಗಳಿಂದ ಜೋಡಿಸಿದ್ದಾರೆ, ಹೆದ್ದಾರಿಯಲ್ಲಿ ಬಿಗಿ, ಕಲ್ಲುದಾರಿಯಲ್ಲಿ ಸಡಿಲ. 2007ರ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಗುಂಡಿ ಒತ್ತಿದರೆ ಮುಂದಿನ ಬಾರ್ ಕಳಚಿಕೊಳ್ಳುತ್ತದೆ.

ಮತ್ತೆ ಪಿಟ್‌ಗೆ ಇಳಿಯೋಣ. ಸರಳಿನ ತುದಿಯನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗೇಣುದ್ದದ ಕಡ್ಡಿಯೇ ಲಿಂಕ್ ರಾಡ್. ಮೇಲಿನ ಲೆಕ್ಕದ 3 ಡಿಗ್ರಿ ವಾಲಿಕೆಯಲ್ಲಿ, ಬಾಗಿದ ತೋಳು 30 ಸೆಂಟಿಮೀಟರ್ ಇದ್ದರೆ, 28 ಮಿಲಿಮೀಟರಿನ ಬಾರ್ ಸುಮಾರು 9 ಡಿಗ್ರಿ ತಿರುಚಿಕೊಳ್ಳುತ್ತದೆ. ಆಗ ಆ ಕಡ್ಡಿಯೊಂದರ ಮೇಲೆ ಬೀಳುವ ಎಳೆತ 265 ಕೆಜಿ. ದಪ್ಪ ಬಾರ್ ಹಾಕಿ ವಾಲಿಕೆ 2 ಡಿಗ್ರಿಗೆ ಇಳಿದ ಮೇಲೂ ಎಳೆತ 300 ಕೆಜಿ ದಾಟುತ್ತದೆ. ಗಾಡಿ ಕಡಿಮೆ ವಾಲುತ್ತದೆ, ಕಡ್ಡಿ ಹೆಚ್ಚು ನೋಯುತ್ತದೆ. ಹೊಸ ಬಾರ್ ಹಾಕಿ ಹಳೇ ಲಿಂಕ್, ಹಳೇ ಬುಶ್ ಉಳಿಸಿಕೊಳ್ಳುವುದು ಅದಕ್ಕೇ ತಪ್ಪು. ತೋಳಿನ ಉದ್ದವೂ ಮುಖ್ಯ: ಎರಡು ಮೂರು ತೂತಿರುವ ಬಾರ್ ಸಿಕ್ಕಿದರೆ ಲಿಂಕನ್ನು ಮೂರೇ ಸೆಂಟಿಮೀಟರ್ ಒಳಗಿನ ತೂತಿಗೆ ಜರುಗಿಸಿದಾಗ, ತೋಳು 30ರಿಂದ 27ಕ್ಕೆ ಇಳಿದು, ಬಿಗಿ ನೂರಕ್ಕೆ 23ರಷ್ಟು ಏರುತ್ತದೆ. ಸ್ಪ್ಯಾನರ್ ಒಂದಿದ್ದರೆ ಸಾಕು. ಬೋಲ್ಟ್ ಬಿಗಿಯುವಾಗ ಎರಡೂ ಚಕ್ರ ಸಮನಾಗಿ ನೆಲದ ಮೇಲಿರಬೇಕು. ಒಂದೇ ಪಕ್ಕ ಜಾಕ್ ಕೊಟ್ಟರೆ ಬಾರ್ ತಿರುಚಿಕೊಂಡೇ ಇರುತ್ತದೆ, ಬೋಲ್ಟ್ ಸಿಡಿದು ಕೈಗೆ ಪೆಟ್ಟಾಗಬಹುದು.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಗಾಡಿ ಮಗುಚುವ ಅಪಾಯ ಅಳೆಯಲು ಬಳಸುವ ಸೂತ್ರ ಬಹಳ ಸರಳ: ಚಕ್ರಗಳ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು. ಕಾರುಗಳಿಗೆ ಅದು ಸಾಮಾನ್ಯವಾಗಿ 1.3ರಿಂದ 1.5, ಎಸ್‌ಯುವಿಗಳಿಗೆ 1.0ರಿಂದ 1.3. ನಮ್ಮ ತುಂಬಿದ ಗಾಡಿಯದು 1.03. ಯಾವ ದಪ್ಪದ ಬಾರ್ ಹಾಕಿದರೂ ಆ ಅಂಕಿ 1.03 ಆಗಿಯೇ ಇರುತ್ತದೆ. ಟಾಪ್ ಮೇಲಿನ ಲಗೇಜ್ ಇಳಿಸಿ ಒಳಗಿಟ್ಟರೆ ಮಾತ್ರ ಅದು ಮೇಲೇರುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಬಾರ್ ಬದಲಿಸುವ ಮನಸ್ಸಿದ್ದರೆ ಮೊದಲು ಹಳೇ ಬುಶ್ ಮತ್ತು ಲಿಂಕ್ ಹೊಸದು ಹಾಕಿಸಿ ಓಡಿಸಿ ನೋಡಿ. ಹಂಪ್ ದಾಟುವಾಗ ಕಟಕಟ ಸದ್ದು ಬರುತ್ತಿದ್ದರೆ ನಿಮ್ಮ ಗಾಡಿಯ ಬಾರ್ ತನ್ನ ಪೂರ್ತಿ ಕೆಲಸವನ್ನೇ ಮಾಡುತ್ತಿಲ್ಲ. ಆಮೇಲೂ ಸಾಲದು ಅನ್ನಿಸಿದರೆ ಮುಂದಿನ ಹಿಂದಿನ ಬಾರುಗಳನ್ನು ಜೊತೆಯಾಗಿ ಹೊಂದಿಸಿ ಮಾಡಿದ ಸೆಟ್ ಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಗಾಡಿಯ ಮಾರ್ಪಾಡಿನ ಮೇಲೆ ಕಟ್ಟುಪಾಡು ಬಿಗಿಯಾಗಿದೆ, ಆದ್ದರಿಂದ ಆರ್‌ಟಿಓ ಮತ್ತು ವಿಮಾ ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ. ಹೊಸ ಬಾರ್ ಕೂತ ಮೇಲೆ ಗಾಡಿ ವಾಲದೆ ನಿಂತಿತೆಂದು ವೇಗ ಏರಿಸಬೇಡಿ. ಆ 500 ಕೆಜಿ ಇನ್ನೂ ಪೂರ್ತಿಯಾಗಿ ಹೊರಗಿನ ಎರಡು ಟಯರುಗಳ ಮೇಲೇ ಬೀಳುತ್ತದೆ.