ಕ್ಷೌರದ ಬ್ರಷ್: ಬೆಲೆಯಲ್ಲಿ ಕಡಿಮೆಯಾದದ್ದೇ ಮಲೆನಾಡಿಗೆ ಹಿತ

ದಿನಚರ್ಯೆಯನ್ನು ಬೋಧಿಸುವಾಗ ಚರಕಸಂಹಿತೆಯು ಕೇಶ, ಶ್ಮಶ್ರು ಮತ್ತು ನಖಗಳನ್ನು ತೆಗೆಯಿಸಿಕೊಳ್ಳುವುದನ್ನು ಪುಷ್ಟಿ, ಆಯುಷ್ಯ ಹಾಗೂ ಶುಚಿತ್ವವನ್ನು ನೀಡುವ ಕರ್ಮವೆಂದು ಹೇಳಿದೆ. ಪಕ್ಷಕ್ಕೆ ಮೂರು ಬಾರಿ ಇದನ್ನು ಆಚರಿಸಬೇಕೆಂಬ ವಿಧಿಯೂ ಅದರ ಸೂತ್ರಸ್ಥಾನದಲ್ಲಿದೆ. ಕ್ಷೌರವು ಅಲಂಕಾರಕ್ಕಿಂತ ಮೊದಲು ಆರೋಗ್ಯದ ವಿಷಯವೆಂಬುದು ಇದರಿಂದ ವೇದ್ಯವಾಗುತ್ತದೆ.

ಬ್ಲೇಡಿನ ವಿಷಯದಲ್ಲಿ ಈಗ ಜನರು ಎಚ್ಚೆತ್ತಿದ್ದಾರೆ. ಆದರೆ ಮುಖಕ್ಕೆ ನೊರೆ ಹಚ್ಚುವ ಬ್ರಷ್ಷಿನ ಕಡೆಗೆ ಗಮನ ಹರಿಸುವವರು ವಿರಳ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಮಳೆಗಾಲದಲ್ಲಿ ಗಡ್ಡದ ಭಾಗದಲ್ಲಿ ಕೀವುಗುಳ್ಳೆ, ತುರಿಕೆ, ಹುಳುಕಡ್ಡಿ ಎಂದು ಬರುವವರನ್ನು ನಾವು ಮೊದಲು ಕೇಳುವ ಪ್ರಶ್ನೆ, "ನಿಮ್ಮ ಬ್ರಷ್ಷನ್ನು ಎಲ್ಲಿ ಇಡುತ್ತೀರಿ?" ಎಂಬುದೇ ಆಗಿದೆ.

ಇದಕ್ಕೆ ಕಾರಣವಿದೆ. ಬ್ರಷ್ಷಿನ ಕೂದಲುಗಳು ಹಿಡಿಯೊಳಗೆ ಸೇರುವ ಬುಡದಲ್ಲಿ ಸಾಬೂನು, ಚರ್ಮದ ಸಿಪ್ಪೆ ಮತ್ತು ನೀರು ನಿಲ್ಲುತ್ತವೆ. ಬಯಲುಸೀಮೆಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ಒಣಗೀತು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಬಿಡದೆ ಸುರಿಯುವ ನಮ್ಮಲ್ಲಿ ಹಾಸಿದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಕತ್ತಲ ಬಚ್ಚಲಿನಲ್ಲಿಟ್ಟ ಬ್ರಷ್ ಒಣಗುವುದೆಂತು? ಹಸಿ ಬುಡದಲ್ಲಿ ಬೂಷ್ಟು ಮತ್ತು ರೋಗಾಣುಗಳು ಬೆಳೆಯುತ್ತವೆ. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಮಾಡಿರುತ್ತದೆ. ಮರುದಿನ ಅದೇ ಬ್ರಷ್ಷನ್ನು ಉಜ್ಜಿದಾಗ ರೋಗಾಣುಗಳಿಗೆ ದಾರಿ ತೆರೆದಂತಾಗುತ್ತದೆ.

ಬ್ರಷ್ಷಿನಿಂದ ಪ್ರಾಣವೇ ಹೋದ ಕಾಲವೂ ಇತ್ತು. ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಸರಿಯಾಗಿ ಶುದ್ಧೀಕರಿಸದ ಕುದುರೆ ಕೂದಲಿನ ಬ್ರಷ್ಷುಗಳ ಮೂಲಕ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಅನೇಕರಿಗೆ ಆಂಥ್ರಾಕ್ಸ್, ಅಂದರೆ ದನಕರುಗಳಿಗೆ ಬರುವ ನೆರಡಿ ರೋಗ, ತಗುಲಿತು. ಇಂದು ಆ ಭಯವಿಲ್ಲ. ಆದರೆ ಬ್ರಷ್ ರೋಗವಾಹಕವಾಗಬಲ್ಲದೆಂಬ ಪಾಠ ಉಳಿದಿದೆ.

ಮಾರುಕಟ್ಟೆಯಲ್ಲಿ ದೊರೆಯುವ ಬ್ರಷ್ಷುಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಪ್ರಾಣಿಗಳ ಕೂದಲಿನದು. ಇವುಗಳಲ್ಲಿ ಹೆಚ್ಚಿನವು ಹಂದಿಯ ಕೂದಲಿನವು. ದುಬಾರಿಯಾದವು ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನವು. ಮುಂಗುಸಿಯ ಕೂದಲನ್ನೂ ಬಳಸಿದ್ದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ಅಪರಾಧ. ಇನ್ನೊಂದು, ನೈಲಾನ್ ಮೊದಲಾದ ಕೃತಕ ಎಳೆಗಳದು. ಪ್ರಾಣಿಯ ಕೂದಲು ನೀರನ್ನು ಹೀರಿ ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಕೃತಕ ಎಳೆ ನೀರನ್ನು ಅಷ್ಟಾಗಿ ಹೀರುವುದಿಲ್ಲ, ಕೊಡವಿದರೆ ಬೇಗ ಒಣಗುತ್ತದೆ. ಆದುದರಿಂದ ನೂರು ರೂಪಾಯಿಯೊಳಗೆ ಸಿಗುವ ಸಾಧಾರಣ ನೈಲಾನ್ ಬ್ರಷ್ಷೇ ಮಲೆನಾಡಿನ ಹವೆಗೆ ಯೋಗ್ಯವೆಂಬುದು ನಮ್ಮ ಅಭಿಪ್ರಾಯ. ಶುದ್ಧ ಸಸ್ಯಾಹಾರಿಗಳಾದ ಭಕ್ತರ ಮನಸ್ಸಿಗೂ ಅದು ಒಪ್ಪುವಂಥದು.

ಕೊಳ್ಳುವಾಗ ಮೂರು ಪರೀಕ್ಷೆಗಳನ್ನು ಮಾಡಬೇಕು. ಒಣ ಬ್ರಷ್ಷಿನ ತುದಿಯನ್ನು ಕೆನ್ನೆಗೆ ಒತ್ತಿದಾಗ ಚುಚ್ಚಬಾರದು. ಬೆರಳಿನಿಂದ ಮೆಲ್ಲನೆ ಎಳೆದಾಗ ಎಳೆಗಳು ಕಿತ್ತು ಬರಬಾರದು. ಬುಡಕ್ಕೂ ಹಿಡಿಗೂ ನಡುವೆ ಸಂದು ಇರಬಾರದು. ಯಾವ ಕೂದಲೆಂಬ ಸಂಶಯ ಬಂದರೆ, ಮನೆಗೆ ತಂದ ಮೇಲೆ ಒಂದೇ ಒಂದು ಎಳೆಯನ್ನು ಉರಿಗೆ ಹಿಡಿಯಿರಿ. ಪ್ರಾಣಿಯ ಕೂದಲಾದರೆ ತಲೆಗೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ನೈಲಾನ್ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ.

ಸ್ವತಃ ಮಾಡಿಕೊಳ್ಳಬಯಸುವವರಿಗೂ ಮಾರ್ಗವಿದೆ. ಕೃತಕ ಎಳೆಗಳ ಕಟ್ಟು ಮಾತ್ರ ಬೇರೆಯಾಗಿ ದೊರೆಯುತ್ತದೆ. 22ರಿಂದ 24 ಮಿ.ಮೀ. ವ್ಯಾಸದ್ದು ಸಾಕು. ಹಳೆಯ ಬ್ರಷ್ಷಿನ ಹಿಡಿಯನ್ನೇ ಕೆರೆದು ಶುಚಿಗೊಳಿಸಿ ಬಳಸಬಹುದು. ಇಲ್ಲವೇ ಬಲಿತ ಬಿದಿರನ್ನು ಎರಡು ಮೂರು ವಾರ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಗಿಣ್ಣು ತಳಕ್ಕೆ ಬರುವಂತೆ ಕತ್ತರಿಸಬೇಕು. ನೆನೆಸದ ಬಿದಿರಿಗೆ ಕುಟ್ಟೆ ಹಿಡಿಯುತ್ತದೆ. ಟೊಳ್ಳಿನೊಳಗೆ ಮರದ ಬಿರಡೆ ಕೂರಿಸಿ, ಮೇಲೆ ಒಂದು ಸೆಂ.ಮೀ.ನಷ್ಟು ಕುಳಿ ಬಿಟ್ಟು, ಎರಡು ಟ್ಯೂಬುಗಳನ್ನು ಬೆರೆಸುವ ಎಪಾಕ್ಸಿ ಅಂಟಿನಿಂದ ಕಟ್ಟನ್ನು ನಿಲ್ಲಿಸಿ ಒಂದು ದಿನ ಬಿಡಬೇಕು. ಹಿಡಿಗೆ ವಾರ್ನಿಷ್ ಬಳಿದರೆ ನೀರು ಇಳಿಯದು. ಅಡಿಕೆ ಸಿಪ್ಪೆಯ ನಾರು, ತೆಂಗಿನ ನಾರು, ಬಗನಿಯ ನಾರು ನಮ್ಮಲ್ಲಿ ಯಥೇಚ್ಛವಾಗಿದ್ದರೂ ಅವು ಒರಟು. ಪಾತ್ರೆಗೂ ನೆಲಕ್ಕೂ ಸರಿ, ಮುಖಕ್ಕೆ ಸಲ್ಲವು.

ಬ್ರಷ್ ಇಲ್ಲದೆಯೂ ಕ್ಷೌರ ಸುಗಮವಾಗಬಲ್ಲದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು ಎರಡು ಮೂರು ನಿಮಿಷ ಗಡ್ಡದ ಮೇಲಿಟ್ಟರೆ ಕೂದಲು ನೀರು ಕುಡಿದು ಮೆತ್ತಗಾಗುತ್ತದೆ. ಅನಂತರ ಬೆರಳಿನಿಂದಲೇ ಸಾಬೂನು ಹಚ್ಚಬಹುದು, ಅಥವಾ ದಾಸವಾಳದ ಎಲೆಯನ್ನು ಕಿವುಚಿ ಸೋಸಿದ ಲೋಳೆಯನ್ನು ಸವರಿಕೊಳ್ಳಬಹುದು. ಅಂಟುವಾಳದ ನೊರೆ ಕಣ್ಣಿಗೆ ಉರಿಯಾದ್ದರಿಂದ ಮುಖಕ್ಕೆ ಬೇಡ.

ಬಳಸಿದ ಮೇಲೆ ನೀರು ತಿಳಿಯಾಗುವವರೆಗೆ ಬ್ರಷ್ಷನ್ನು ತೊಳೆದು, ಹಿಂಡಿ, ಕೊಡವಿ, ಗಾಳಿಯಾಡುವ ಕಡೆ ತೂಗುಹಾಕಬೇಕು. ಮಳೆಗಾಲದಲ್ಲಿ ಬಚ್ಚಲ ಒಲೆಯ ಕಾವು ತಟ್ಟುವಷ್ಟು ದೂರದಲ್ಲಿಟ್ಟರೆ ಉತ್ತಮ. ಕುದಿಯುವ ನೀರಿಗೆ ಹಾಕಿದರೆ ಅಂಟು ಬಿಡುತ್ತದೆ. ಶ್ರಾವಣದಲ್ಲಿ ಕ್ಷೌರ ಮಾಡಿಸದಿರುವ ನಿಯಮವನ್ನು ಪಾಲಿಸುವವರು ತಿಂಗಳ ಬಳಿಕ ಬ್ರಷ್ ತೆಗೆದಾಗ ಬುಡವನ್ನು ಬಿಡಿಸಿ ನೋಡಬೇಕು. ಕಪ್ಪು ಚುಕ್ಕೆಯೋ ಮುಗ್ಗಲು ವಾಸನೆಯೋ ಇದ್ದರೆ ತೊಳೆದು ಬಳಸುವ ಯೋಚನೆ ಬೇಡ, ಎಸೆಯುವುದೇ ಸರಿ.

ಕ್ಷೌರದಂಗಡಿಗೆ ಹೋಗುವವರು ತಮ್ಮದೇ ಬ್ರಷ್ಷನ್ನು ಒಯ್ಯುವುದು ಒಳ್ಳೆಯದು. ಕ್ಷೌರಿಕ ಬಂಧುಗಳು ಇದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ. ಅವರ ಕಾಯಕಕ್ಕೂ ಇದು ರಕ್ಷಣೆ. ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್ ಬಿ ವೈರಾಣು ಶರೀರದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ರಕ್ತದ ಕಲೆ ಕಾಣದಿದ್ದರೂ ಸೋಂಕು ಸಾಧ್ಯ. ಗಾಯಕ್ಕೆ ಉಜ್ಜುವ ಪಟಿಕದ ಕಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ. ಅದು ರಕ್ತವನ್ನು ನಿಲ್ಲಿಸುವುದು ನಿಜ, ಆದರೆ ಒಂದೇ ಕಲ್ಲು ಹತ್ತು ಮುಖಗಳಿಗೆ ಆಗಬಾರದು. ಮನೆಯಲ್ಲಿಯೂ ತಂದೆ ಮಕ್ಕಳು ಒಂದೇ ಬ್ರಷ್ಷನ್ನು ಹಂಚಿಕೊಳ್ಳಬಾರದು.

ಮಧುಮೇಹವುಳ್ಳವರು ವಿಶೇಷವಾಗಿ ಜಾಗರೂಕರಾಗಿರಬೇಕು. ಅವರಲ್ಲಿ ಸಣ್ಣ ಗುಳ್ಳೆಯೂ ಬೇಗ ಕೀವಾಗಿ ಹರಡಬಹುದು. ಗುಳ್ಳೆ ಎದ್ದಾಗ ಕ್ಷೌರವನ್ನು ನಿಲ್ಲಿಸಿ, ತಣಿದ ಬೇವಿನೆಲೆಯ ಕಷಾಯದಿಂದ ಮುಖ ತೊಳೆಯಬಹುದು. ಮೂರು ದಿನಗಳಲ್ಲಿ ಇಳಿಯದಿದ್ದರೆ, ಅಥವಾ ಜ್ವರ, ಮುಖದ ಬಾವು ಕಾಣಿಸಿದರೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಗುಣವಾದ ಮೇಲೆ ಹಳೆಯ ಬ್ರಷ್ಷಿಗೆ ಮರಳಬೇಡಿ. ಹೊಸದರ ಬೆಲೆ ಒಂದು ವಾರದ ಔಷಧಿಯ ಖರ್ಚಿಗಿಂತ ಕಡಿಮೆ.